ತಂತಿಯ ಬೆಲೆಯೂ ನಾದದ ಸೊಗಸೂ

ಹೊಸ ಸ್ಪೀಕರುಗಳನ್ನು ಕೊಳ್ಳಹೋದವರಿಗೆ ಅಂಗಡಿಯವರು ತಪ್ಪದೆ ಹೇಳುವ ಮಾತೊಂದುಂಟು: "ಪೆಟ್ಟಿಗೆ ಎಷ್ಟು ಒಳ್ಳೆಯದಾದರೇನು ಸ್ವಾಮಿ, ತಂತಿ ಒಳ್ಳೆಯದಿರಬೇಡವೆ?" ಮಾತು ಸುಳ್ಳಲ್ಲ. ಆದರೆ ಒಳ್ಳೆಯ ತಂತಿಗೆ ಎಷ್ಟು ಹಣ ತೆರಬೇಕು ಎಂಬಲ್ಲಿ ಗೃಹಸ್ಥರು ಮೋಸಹೋಗುವುದುಂಟು. ಸ್ಪೀಕರಿನಷ್ಟೇ ಬೆಲೆಯ ತಂತಿಯನ್ನು ಮನೆಗೆ ತಂದವರೂ ಇದ್ದಾರೆ.

ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಯಲ್ಲಿ ಮುಖ್ಯವಾಗಿ ನೋಡತಕ್ಕದ್ದು ಅದರ ರೋಧವನ್ನು. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಅಡ್ಡಕೊಯ್ತ 1 ಚದರ ಮಿಲಿಮೀಟರು ಇರುವ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಂ. ಸ್ಪೀಕರು 5 ಮೀಟರು ದೂರದಲ್ಲಿದ್ದರೆ ಹೋಗಿಬರುವ ದಾರಿ 10 ಮೀಟರು, ರೋಧ 0.17 ಓಂ. 8 ಓಮಿನ ಸ್ಪೀಕರಿನ ಮುಂದೆ ಇದು ನೂರಕ್ಕೆ ಎರಡು ಪಾಲು. ಧ್ವನಿ ಇಳಿಯುವುದು 0.2 ಡೆಸಿಬೆಲಿಗಿಂತ ಕಡಿಮೆ. ಸಂಗೀತ ಕೇಳುವಾಗ ಇದು ಕಿವಿಗೆ ತಿಳಿಯದು. ಮೇಲಾಗಿ, ಅಂಥ ಸ್ಪೀಕರಿನೊಳಗೆ ಸುತ್ತಿರುವ ಕೂದಲೆಳೆಯಂಥ ತಂತಿಯ ರೋಧವೇ ಸುಮಾರು 6 ಓಂ. ಅದನ್ನು ಹಾಯಲೇಬೇಕಾದ ವಿದ್ಯುತ್ತಿಗೆ ಹೊರಗಿನ ಮೂರು ಮಾರು ತಂತಿಯನ್ನು ಬೆಳ್ಳಿಯಲ್ಲಿ ಮಾಡಿಸಿಕೊಟ್ಟರೆ ಆಗುವ ಉಪಕಾರವೇನು? ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕವೇನೋ ಹೌದು, ನೂರಕ್ಕೆ ಆರರಷ್ಟು. ತಾಮ್ರವನ್ನೇ ಅಷ್ಟು ದಪ್ಪ ಮಾಡಿದರೆ ಸರಿಹೋಯಿತು!

ಹಾಗೆಂದು ಯಾವ ತಂತಿಯಾದರೂ ನಡೆದೀತೆಂದಲ್ಲ. ಮಹಡಿಯ ಮೇಲಿನ 4 ಓಮಿನ ಸ್ಪೀಕರಿಗೆ 20 ಮೀಟರು ಎಳೆದರೆ ಅದೇ ತಂತಿ ಸುಮಾರು 1.4 ಡೆಸಿಬೆಲ್ ನುಂಗುತ್ತದೆ. ಸ್ವರಸ್ವರಕ್ಕೂ ನಷ್ಟ ಬೇರೆಬೇರೆಯಾಗಿ ನಾದದ ಬಣ್ಣವೂ ಕೊಂಚ ಬದಲಾಗುತ್ತದೆ. ಅಲ್ಲಿ 2.5 ಅಥವಾ 4 ಚದರ ಮಿಲಿಮೀಟರಿನದು ಬೇಕು. ಅಗ್ಗದ ಸರಕಿನಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಬರುವುದುಂಟು. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬಿಳಿಯ ಲೋಹ ಕಂಡರೆ ಬೇಡವೆನ್ನಿ.

ರೆಕಾರ್ಡ್ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಬರುವ ತಂತಿಯ ಕಥೆ ಬೇರೆ. ಅಯಸ್ಕಾಂತದ ಪಿಕಪ್ ಕೊಡುವುದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು. ಆ ತಂತಿಗೆ ಲೋಹದ ಜಾಲರಿಯ ಹೊದಿಕೆಯಿಲ್ಲದಿದ್ದರೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಕಾರ ಸೇರಿಕೊಳ್ಳುತ್ತದೆ. ಬಾನುಲಿಯ ಸ್ಟುಡಿಯೋಗಳಲ್ಲಿ ಮೈಕಿನ ಸಂಕೇತವನ್ನು ಎರಡು ಎಳೆಗಳಲ್ಲಿ, ಒಂದರಲ್ಲಿ ತಲೆಕೆಳಗಾಗಿ, ಕಳುಹಿಸಿ ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ; ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಗದ್ದಲ ಅಲ್ಲಿಗೆ ವಜಾ. ಇದು ಏರ್ಪಾಟಿನ ಜಾಣತನವೇ ಹೊರತು ಬೆಲೆಯ ಮಹಿಮೆಯಲ್ಲ.

ಇಷ್ಟಾದರೂ ದುಬಾರಿ ತಂತಿ ಹೆಚ್ಚು ಇಂಪೆನ್ನಿಸಿದರೆ, ಯಾವುದು ಜೋಡಿಸಿದೆ ಎಂದು ನಿಮಗೆ ತಿಳಿಸದೆ ಮನೆಯವರೊಬ್ಬರು ಹತ್ತಿಪ್ಪತ್ತು ಸಲ ತಂತಿ ಬದಲಿಸಲಿ. ಧ್ವನಿಯ ಮಟ್ಟ ಮಾತ್ರ ಒಂದೇ ಇರಲಿ. ಕೇಳಿ ಗುರುತು ಹಿಡಿಯಿರಿ. ಇನ್ನು ಕರಕರ ಸದ್ದು ಬರುತ್ತಿದ್ದರೆ, ಕಿಲುಬು ಹಿಡಿದ ಪ್ಲಗ್ಗನ್ನು ಮೊದಲು ಒರೆಸಿ ನೋಡುವುದು ಲೇಸು.