ಡಿಸ್ಕ್ ಮೊದಲು, ಪ್ಯಾಡ್ ಆಮೇಲೆ

ಹಳೆಯ ಜಾಗ್ವಾರ್ ಇಟ್ಟುಕೊಂಡವರು ಬ್ರೇಕ್ ಸಾಮಾನು ಕೊಳ್ಳಲು ಕೂತರೆ ಮೊದಲು ಕಣ್ಣು ಹೋಗುವುದು ಡಿಸ್ಕಿನ ಮೇಲೆ. ತೂತು ಕೊರೆದದ್ದು, ಗೀರು ಹಾಕಿದ್ದು, ಮಿರಮಿರ ಮಿಂಚುವಂಥದ್ದು. ಪ್ಯಾಡಿನ ವಿಚಾರ ಬಿಲ್ ಕೊಡುವ ಹೊತ್ತಿಗೆ ನೆನಪಾಗುತ್ತದೆ. ಚರಿತ್ರೆಯಲ್ಲೂ ಸರದಿ ಹೀಗೇ ಇತ್ತು. ಡಿಸ್ಕಿನ ಯೋಚನೆ ಹೊಳೆದು ಅರ್ಧ ಶತಮಾನ ಕಳೆದ ಮೇಲಷ್ಟೇ ಅದಕ್ಕೆ ಕಾರಿನಲ್ಲಿ ಗಟ್ಟಿ ನೆಲೆ ಸಿಕ್ಕಿತು.

ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ಚಕ್ರದ ಜೊತೆ ತಿರುಗುವ ತೆಳುವಾದ ಲೋಹದ ತಟ್ಟೆ, ಅದರ ಅಂಚನ್ನು ಎರಡೂ ಕಡೆಯಿಂದ ಚಿವುಟಿ ಹಿಡಿಯುವ ದವಡೆ, ಅಂದರೆ ಕ್ಯಾಲಿಪರ್. ಇವತ್ತಿನ ಬ್ರೇಕೂ ಮೂಲದಲ್ಲಿ ಇಷ್ಟೇ. ಆದರೆ ಒತ್ತಲು ಅವನ ಕೈಲಿದ್ದದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಬ್ರೇಕು ಕಿವಿಗಡಚಿಕ್ಕುವಂತೆ ಕಿರುಚುತ್ತಿತ್ತು. ಅಂದಿನ ರಸ್ತೆಗಳ ಧೂಳಿನಲ್ಲಿ ತಾಮ್ರ ಬೇಗ ಬೇಗ ಸವೆದೂ ಹೋಗುತ್ತಿತ್ತು. ಪೇಟೆ, ಸುತ್ತುವ ಡ್ರಮ್ಮಿಗೆ ಒಳಗಿನಿಂದ ಶೂ ಒತ್ತುವ ಡ್ರಮ್ ಬ್ರೇಕಿನ ಕಡೆ ವಾಲಿತು.

ಉಜ್ಜುವ ವಸ್ತುವಿನ ಹುಡುಕಾಟ ಅಷ್ಟರಲ್ಲಾಗಲೇ ಬೇರೆಡೆ ನಡೆದಿತ್ತು. ಡರ್ಬಿಶೈರಿನ ಗುಡ್ಡಗಳಲ್ಲಿ ಇಳಿಜಾರು ಇಳಿಯುವ ಕುದುರೆ ಗಾಡಿಯವರು ಚಕ್ರಕ್ಕೆ ಒತ್ತುವ ಮರದ ತುಂಡಿಗೆ ಹಳೆಯ ಬೂಟಿನ ಚರ್ಮ ಕಟ್ಟುತ್ತಿದ್ದರು. ಬರಿಯ ಮರಕ್ಕಿಂತ ಅದು ಚೆನ್ನಾಗಿ ಹಿಡಿಯುತ್ತಿತ್ತು. ಹರ್ಬರ್ಟ್ ಫ್ರೂಡ್ ಎಂಬಾತ ಇದನ್ನು ನೋಡಿ 1897ರಲ್ಲಿ ಬ್ರೇಕ್ ತುಂಡುಗಳ ಪ್ರಯೋಗಕ್ಕೆ ಇಳಿದ. ಅವನು ಕಟ್ಟಿದ ಕಂಪನಿಯೇ ಫೆರೋಡೊ. ತುಂಡುಗಳಿಗೆ ಮೊದಲು ಕೂದಲು, ಆಮೇಲೆ ಹತ್ತಿ, ಕೊನೆಗೆ ಬೆಂಕಿಗೆ ಜಗ್ಗದ ಆಸ್ಬೆಸ್ಟಾಸ್. ನನ್ನ ಲೆಕ್ಕದಲ್ಲಿ ಡಿಸ್ಕ್ ಬ್ರೇಕಿನ ಅರ್ಧ ಕೀರ್ತಿ ಆ ಹೆಸರಿಲ್ಲದ ಗಾಡಿಯವರಿಗೆ ಸಲ್ಲಬೇಕು.

ಡಿಸ್ಕ್ ಮತ್ತೆ ರಸ್ತೆಗೆ ಬಂದದ್ದು ವಿಮಾನದ ಚಕ್ರಗಳ ಮೂಲಕ. ವಿಮಾನಗಳಿಗೆ ಡಿಸ್ಕ್ ಬ್ರೇಕ್ ಮಾಡಿ ಪಳಗಿದ್ದ ಡನ್ಲಪ್ ಕಂಪನಿ ಅದನ್ನು ಕಾರಿಗೆ ಒಗ್ಗಿಸಲು ಜಾಗ್ವಾರ್ ಜೊತೆ ಸೇರಿತು. ಜಾಗ್ವಾರಿನ ಕಡೆಯಿಂದ ಓಡಿಸಿ, ಕೆಡಿಸಿ, ಮತ್ತೆ ಓಡಿಸಿ ನೋಡಿದವನು ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್.

ಅವರಿಗೆ ಎದುರಾಗಿದ್ದ ಶತ್ರು ಬಿಸಿ. ಸಾವಿರ ಕಿಲೋ ತೂಕದ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು ಹತ್ತು ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಮೂರು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಅಷ್ಟು ಸಾಕು, ಮತ್ತು ಅದೆಲ್ಲ ಕೆಲವೇ ಸೆಕೆಂಡುಗಳಲ್ಲಿ. ಡ್ರಮ್ ಬಿಸಿಯಾದರೆ ಹಿಗ್ಗಿ ಒಳಗಿನ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಒಳಗೊಳಗೆ ಹೋಗುತ್ತದೆ. ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ಬರುತ್ತದೆ. ಗಾಳಿಗೆ ಮೈಯೊಡ್ಡಿಕೊಂಡಿರುವುದರಿಂದ ಬೇಗ ಆರುತ್ತದೆ ಕೂಡ.

ಹಾಗೆಂದು ಎಲ್ಲ ಸಲೀಸಾಗಲಿಲ್ಲ. ಬಿಸಿ ಪ್ಯಾಡಿನಿಂದ ಅದನ್ನು ಒತ್ತುವ ಪಿಸ್ಟನ್‌ಗೆ, ಪಿಸ್ಟನ್‌ನಿಂದ ಬ್ರೇಕ್ ಆಯಿಲ್‌ಗೆ ಹತ್ತಿ ಆಯಿಲ್ ಕುದಿಯಿತು. ಇನ್ನೊಂದು ಕಾಟ ಯಾರೂ ಎಣಿಸದ್ದು: ತಿರುವಿನಲ್ಲಿ ಚಕ್ರದ ಹಬ್ ಕೂದಲೆಳೆಯಷ್ಟು ವಾಲಿದರೂ ಡಿಸ್ಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿಬಿಡುತ್ತಿತ್ತು. ಮುಂದಿನ ತಿರುವಿನಲ್ಲಿ ಕಾಲಿಟ್ಟರೆ ಪೆಡಲ್ ನೆಲ ಮುಟ್ಟುತ್ತಿತ್ತು. ಅದಕ್ಕೇ ಚಾಲಕರು ತಿರುವಿಗೆ ಮುಂಚೆಯೇ ಪಂಪ್ ಹೊಡೆಯುವುದನ್ನು ರೂಢಿಸಿಕೊಂಡರು. ಎಂಜಿನಿಯರುಗಳು ಹಬ್ಬನ್ನು ಗಟ್ಟಿಮಾಡಿದರು, ಪ್ಯಾಡ್ ಡಿಸ್ಕಿನಿಂದ ಯಾವಾಗಲೂ ಒಂದೇ ಅಂತರದಲ್ಲಿ ನಿಲ್ಲುವಂತೆ ಡನ್ಲಪ್ ಕ್ಯಾಲಿಪರಿನ ಪಿಸ್ಟನ್ ಒಳಗೆ ಒಂದು ಪುಟ್ಟ ಪಿನ್ನು, ಬುಷ್ಷು ಬಂತು.

1952ರಲ್ಲಿ ಇಟಲಿಯ ಮಿಲ್ಲೆ ಮಿಲಿಯಾ ಓಟಕ್ಕೆ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಡಿಸ್ಕ್ ಬ್ರೇಕಿನ ಜಾಗ್ವಾರ್ ರೇಸ್ ಕಾರು ಸಿ-ಟೈಪ್ ಒಯ್ದ, ಪಕ್ಕದಲ್ಲಿ ಡ್ಯೂಯಿಸ್. ಸ್ಟೀರಿಂಗ್ ಕೈಕೊಟ್ಟು ಓಟ ಅರ್ಧಕ್ಕೇ ನಿಂತಿತು. ಅದೇ ವರ್ಷ ಫ್ರಾನ್ಸಿನ ರ‍್ಯಾನ್ಸ್‌ನಲ್ಲಿ ಮಾಸ್ ಗೆದ್ದ. 1953ರ ಲ ಮಾನ್ಸ್‌ನಲ್ಲಿ ಡಂಕನ್ ಹ್ಯಾಮಿಲ್ಟನ್ ಮತ್ತು ಟೋನಿ ರೋಲ್ಟ್ ಓಡಿಸಿದ ಸಿ-ಟೈಪ್ ಮೊದಲನೆಯದಾಗಿ ಬಂತು. ಆ 24 ಗಂಟೆಗಳ ಓಟದ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲ ಸಲ. ಉದ್ದನೆಯ ನೇರ ರಸ್ತೆಯ ಕೊನೆಯಲ್ಲಿ ಉಳಿದವರು ಬ್ರೇಕ್ ಒತ್ತಿದ ಮೇಲೂ ಜಾಗ್ವಾರುಗಳು ಇನ್ನಷ್ಟು ದೂರ ನುಗ್ಗುತ್ತಿದ್ದವು. 1955ರಲ್ಲಿ ಡ್ರಮ್ಮನ್ನೇ ನೆಚ್ಚಿದ್ದ ಮರ್ಸಿಡಿಸ್, ಚಾಲಕನ ಬೆನ್ನ ಹಿಂದೆ ಎದ್ದು ನಿಂತು ಗಾಳಿ ತಡೆಯುವ ದೊಡ್ಡ ಹಲಗೆಯನ್ನೇ ಲ ಮಾನ್ಸ್‌ಗೆ ತಂದಿತು. ಡಿಸ್ಕಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕೆ?

ಜಾಗ್ವಾರಿನ 1957ರ ಎಕ್ಸ್‌ಕೆ150 ರಸ್ತೆ ಕಾರಿಗೆ ನಾಲ್ಕೂ ಚಕ್ರದಲ್ಲಿ ಡಿಸ್ಕ್ ಸಿಕ್ಕಿತು. ಇಲ್ಲಿಂದ ಮುಂದಿನದು ಇವತ್ತು ಕೊಳ್ಳುವವನಿಗೆ ನೇರವಾಗಿ ಸಂಬಂಧಿಸಿದ್ದು. ಮೊದಮೊದಲ ಎಕ್ಸ್‌ಕೆ150ಗಳಲ್ಲಿ ಪ್ಯಾಡುಗಳು ದುಂಡಗಿದ್ದವು. ಆಮೇಲೆ ಸುಲಭವಾಗಿ ಬದಲಿಸಬಲ್ಲ ಚೌಕದ ಪ್ಯಾಡುಗಳು ಬಂದವು. ಕಾರಿನ ಹೆಸರು ಹೇಳಿ ಪ್ಯಾಡ್ ತರಿಸಿದರೆ ಸಾಲದು, ಕ್ಯಾಲಿಪರ್ ಬಿಚ್ಚಿ ನೋಡಬೇಕು. ಪಿಸ್ಟನ್ ಒಳಗಿನ ಆ ಪುಟ್ಟ ಪಿನ್ನು ತುಕ್ಕು ಹಿಡಿದು ಬಿಗಿದಿದ್ದರೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಅದು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಇನ್ನು ಪ್ಯಾಡಿನ ಮಸಾಲೆ. ಅಂದಿನ ಕ್ಯಾಲಿಪರ್, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಎಲ್ಲ ಆಸ್ಬೆಸ್ಟಾಸ್ ಪ್ಯಾಡಿಗೆ ಹೊಂದಿಸಿದಂಥವು. ಆ ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಬ್ರಿಟನ್ 1999ರಲ್ಲಿ ಅದನ್ನು ನಿಷೇಧಿಸಿತು. ಹಳೆಯ ಪ್ಯಾಡಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಈಗ ಸಿಗುವ ಬದಲಿಗಳಲ್ಲಿ ರೇಸಿಂಗ್ ಎಂದು ಬರೆದದ್ದೇ ಶ್ರೇಷ್ಠ ಎಂಬ ಭ್ರಮೆ ಬೇಡ. ಅವು ಕಾದ ಮೇಲಷ್ಟೇ ಕಚ್ಚುತ್ತವೆ. ಭಾನುವಾರ ಬೆಳಿಗ್ಗೆ ತಣ್ಣನೆಯ ಕಾರನ್ನು ಗೇಟಿನಿಂದ ಹೊರಗೆ ತೆಗೆಯುವಾಗ ಜಾರುತ್ತವೆ. ಬ್ರೇಕ್ ಶೂ ಸುತ್ತುವ ಡ್ರಮ್ಮಿನಿಂದಲೇ ಒಂದಿಷ್ಟು ಬಲ ಪಡೆಯುತ್ತದೆ. ಪ್ಯಾಡಿಗೆ ಆ ಸಹಾಯವಿಲ್ಲ, ಎಲ್ಲವೂ ಕಾಲಿನಿಂದ ಮತ್ತು ಬೂಸ್ಟರಿನಿಂದಲೇ ಬರಬೇಕು. ಬೂಸ್ಟರ್ ಇಲ್ಲದ ಕಾರಿಗೆ ಗಡುಸು ಪ್ಯಾಡ್ ಹಾಕಿದವರ ತೊಡೆಗೆ ಇದು ಚೆನ್ನಾಗಿ ಗೊತ್ತು. ರಸ್ತೆಯ ಕಾರಿಗೆ ಮಧ್ಯಮ ಮಸಾಲೆಯ ಪ್ಯಾಡು, ಓಲಾಡದೆ ಸುತ್ತುವ ಸಾದಾ ಡಿಸ್ಕು ಸಾಕು. ತೂತು ಕೊರೆದ ಡಿಸ್ಕಿನಲ್ಲಿ ಬಿಸಿ ಹೀರುವ ಲೋಹವೇ ಅಷ್ಟು ಕಡಿಮೆ, ಬಿರುಕು ಶುರುವಾಗುವುದೂ ತೂತಿನ ಅಂಚಿನಿಂದಲೇ.

1961ರ ಜಾಗ್ವಾರ್ ಇ-ಟೈಪ್‌ನವರ ಕತೆ ಬೇರೆ. ಅದರ ಹಿಂದಿನ ಡಿಸ್ಕುಗಳು ಚಕ್ರದ ಬಳಿ ಇಲ್ಲ, ಒಳಗೆ ಡಿಫರೆನ್ಷಿಯಲ್ಲಿಗೆ ಅಂಟಿಕೊಂಡಿವೆ. ಗಾಳಿ ಅಷ್ಟಾಗಿ ತಾಕದು. ಕಾವಿಗೆ ಡಿಫರೆನ್ಷಿಯಲ್ಲಿನ ಸೀಲ್ ಸುಟ್ಟರೆ ಅದರ ಆಯಿಲ್ ನೇರ ಡಿಸ್ಕಿನ ಮೇಲೆ. ಬದಲಿಸಬೇಕಾದರೆ ಹಿಂದಿನ ಇಡೀ ಜೋಡಣೆಯನ್ನೇ ಕೆಳಗಿಳಿಸುವುದು ವಾಡಿಕೆ. ಹಾಗಾಗಿ ಒಮ್ಮೆ ಇಳಿಸಿದ ಮೆಕ್ಯಾನಿಕ್ ಅರ್ಧ ಸವೆದ ಡಿಸ್ಕನ್ನು ವಾಪಸ್ ಹಾಕುವುದಿಲ್ಲ. ಸೀಲು, ಡಿಸ್ಕು, ಪ್ಯಾಡು, ಹೋಸು ಎಲ್ಲ ಹೊಸದನ್ನೇ ತರಿಸಿಕೊಟ್ಟು ಆಮೇಲೆ ಕೆಲಸಕ್ಕೆ ಕರೆಯಿರಿ ಎನ್ನುತ್ತಾನೆ.