ಬಿಯರಿನ ರುಚಿಭೇದ ಮತ್ತು ನೀರಿನ ಗುಣ

ವ್ಯಾಪಾರ ನಿಮಿತ್ತ ವಿದೇಶಗಳಿಗೆ ತೆರಳುವವರು ಬಿಯರಿನ ರುಚಿ ಊರಿಂದೂರಿಗೆ ಬದಲಾಗುವುದನ್ನು ಗಮನಿಸಿರಬಹುದು. ಇದಕ್ಕೆ ನೀರೂ ಒಂದು ಮುಖ್ಯ ಕಾರಣ. ಇಂದಿನ ಜೆಕ್ ಗಣರಾಜ್ಯದ ಪಿಲ್ಸೆನ್ ನಗರದಲ್ಲಿ 1842ರಲ್ಲಿ ತಯಾರಾದ ಹೊಂಬಣ್ಣದ ಬಿಯರಿಗೆ ಅಲ್ಲಿನ ಮೆದು ನೀರು ನೆರವಾಯಿತು. ಇಂಗ್ಲೆಂಡಿನ ಬರ್ಟನ್ ಪಟ್ಟಣದ ಜಿಪ್ಸಂಯುಕ್ತ ನೀರು ಹಾಪ್ಸ್ ಹೂವಿನ ಕಹಿಯನ್ನು ಎತ್ತಿ ತೋರಿಸುತ್ತದೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ ನೀರು ಸುಣ್ಣಯುಕ್ತ, ಗಡಸು. ಹುರಿದ ಬಾರ್ಲಿಯ ಆಮ್ಲೀಯತೆಯು ಈ ನೀರಿನ ಕ್ಷಾರೀಯತೆಯನ್ನು ತಗ್ಗಿಸುವುದರಿಂದ ಅಲ್ಲಿ ಕಪ್ಪು ಸ್ಟೌಟ್ ನೆಲೆಯೂರಿತು.

ಸುಣ್ಣಕಲ್ಲಿನ ನೆಲವಾದ ಶಹಾಬಾದ, ವಾಡಿ, ಸೇಡಂ ಭಾಗದ ಉದ್ದಿಮೆದಾರರಿಗೆ ಗಡಸು ನೀರು ಹೊಸದಲ್ಲ. ಸಂಸ್ಕರಣೆಯಿಂದ ನೀರಿನ ಗುಣವನ್ನು ಬದಲಾಯಿಸಬಹುದಾದರೂ ಅದಕ್ಕೆ ವೆಚ್ಚ ತಗಲುತ್ತದೆ. ಆದ್ದರಿಂದ ಯಾವುದೇ ಪಾನೀಯ ಘಟಕವನ್ನು ಸ್ಥಾಪಿಸಬಯಸುವವರು ಯಂತ್ರ ಖರೀದಿಗೆ ಮುನ್ನ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಸಂಸ್ಕರಣಾ ವೆಚ್ಚವನ್ನು ಯೋಜನಾ ವರದಿಯಲ್ಲಿ ಸೇರಿಸಿಕೊಳ್ಳುವುದು ಲೇಸು.