ಗೆದ್ದ ಮೇಲೂ ಒಂದು ಪರೀಕ್ಷೆ: ಸ್ಕೀ ಸ್ಪರ್ಧೆಯ ಅಳತೆಯ ಲೆಕ್ಕ

2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವರು ಒಬ್ಬರೇ ಕ್ರೀಡಾಪಟು, ಕಾಶ್ಮೀರದ ಆರಿಫ್ ಖಾನ್. ಹಿಮದ ಇಳಿಜಾರಿನಲ್ಲಿ ನೆಟ್ಟ ಗೇಟುಗಳ ನಡುವೆ ತಿರುಗುತ್ತ ಇಳಿಯುವ ಜೈಂಟ್ ಸ್ಲಾಲಮ್ ಸ್ಪರ್ಧೆಯಲ್ಲಿ ಅವರು 45ನೇ ಸ್ಥಾನ ಪಡೆದರು. ನಮ್ಮಲ್ಲಿ ಬಹಳಷ್ಟು ಜನ ಹಿಮವನ್ನು ಟಿ.ವಿ.ಯಲ್ಲಿ ಮಾತ್ರ ನೋಡಿದವರು. ಯಾರು ಬೇಗ ಇಳಿಯುತ್ತಾರೋ ಅವರೇ ಗೆದ್ದರು, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಅಲ್ಲಿ ಗುರಿ ಮುಟ್ಟಿದ ಮೇಲೂ ತಪಾಸಣೆ ಇರುತ್ತದೆ. ಬೂಟು, ಸ್ಕೀ ಹಲಗೆ, ಉಡುಪು, ಹಲಗೆಗೆ ಹಚ್ಚಿದ ಮೇಣ, ಇವುಗಳಲ್ಲಿ ಒಂದು ನಿಯಮಕ್ಕೆ ಹೊಂದದಿದ್ದರೂ ಸ್ಪರ್ಧಿ ಅನರ್ಹ. ಪದಕ ಬಂದಿದ್ದರೂ ಹೋಗುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಏಕೆ? ಮೊದಲನೆಯ ಕಾರಣ, ಇಲ್ಲಿ ಗೆಲುವು ಸೋಲಿನ ಅಂತರ ತೀರಾ ಚಿಕ್ಕದು. ಸಮಯವನ್ನು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತಾರೆ. 2014ರ ಸೋಚಿ ಒಲಿಂಪಿಕ್ಸ್‌ನ ಮಹಿಳೆಯರ ಡೌನ್‌ಹಿಲ್ ಓಟದಲ್ಲಿ ಸ್ಲೊವೇನಿಯಾದ ಟೀನಾ ಮಾಜೆ ಮತ್ತು ಸ್ವಿಟ್ಜರ್‌ಲೆಂಡಿನ ಡೊಮಿನಿಕ್ ಗಿಸಿನ್ ಇಬ್ಬರ ಸಮಯವೂ ಒಂದೇ ಆಗಿ, ಇಬ್ಬರಿಗೂ ಚಿನ್ನ ಕೊಡಬೇಕಾಯಿತು. ಇಂಥ ಕಡೆ ಒಂದು ಮಿಲಿಮೀಟರ್ ಲಾಭವೂ ದೊಡ್ಡ ಲಾಭವೇ.

ಎರಡನೆಯ ಕಾರಣ ಜೀವದ ಸುರಕ್ಷತೆ. ಸ್ಕೀ ಬೂಟಿನ ತಳದ ದಪ್ಪ 43 ಮಿಲಿಮೀಟರ್ ಮೀರುವಂತಿಲ್ಲ. ಕಾಲು ಹಿಮದಿಂದ ಎತ್ತರದಲ್ಲಿದ್ದಷ್ಟೂ ತಿರುವಿನಲ್ಲಿ ಹೆಚ್ಚು ಬಾಗಬಹುದು, ವೇಗ ಸಿಗುತ್ತದೆ. ಆದರೆ ಅದೇ ಎತ್ತರ ಮೊಣಕಾಲಿನ ಮೇಲೆ ಬೀಳುವ ಒತ್ತಡವನ್ನೂ ಹೆಚ್ಚಿಸುತ್ತದೆ. ಹಲಗೆಯ ಆಕಾರಕ್ಕೂ ಹೀಗೆಯೇ ನಿಯಮವಿದೆ. ಹಲಗೆಯ ಅಂಚು ಹೆಚ್ಚು ಬಾಗಿದ್ದರೆ ಚಿಕ್ಕ ತಿರುವನ್ನು ಸುಲಭವಾಗಿ, ರಭಸವಾಗಿ ತೆಗೆದುಕೊಳ್ಳಬಹುದು. ಗಾಯಗಳನ್ನು ಕಡಿಮೆ ಮಾಡಲು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು 2012ರ ಋತುವಿನಿಂದ ಪುರುಷರ ಜೈಂಟ್ ಸ್ಲಾಲಮ್ ಹಲಗೆಗಳು ಹೆಚ್ಚು ನೇರವಾಗಿರಬೇಕು ಎಂದಿತು. ಇದನ್ನು ಜೋರಾಗಿ ವಿರೋಧಿಸಿದವರಲ್ಲಿ ಅಮೆರಿಕದ ಟೆಡ್ ಲಿಗೆಟಿ ಮುಖ್ಯರು. ತಮಾಷೆಯೆಂದರೆ, ಹೊಸ ಹಲಗೆ ಹಾಕಿಕೊಂಡು ಆ ಋತುವಿನ ಮೊದಲ ಜೈಂಟ್ ಸ್ಲಾಲಮ್ ಓಟವನ್ನು ಅವರೇ 2.75 ಸೆಕೆಂಡ್ ಅಂತರದಲ್ಲಿ ಗೆದ್ದರು! ನಿಯಮ ಬಿಗಿಯಾದಾಗ ನಿಜವಾದ ಕೌಶಲ ಇನ್ನೂ ಚೆನ್ನಾಗಿ ಕಾಣುತ್ತದೆ.

ಉಡುಪಿನ ನಿಯಮ ಇನ್ನೂ ವಿಚಿತ್ರ. ಗಾಳಿ ಒಳಗೆ ಹೋಗದ ನುಣುಪು ಬಟ್ಟೆ ವೇಗ ಹೆಚ್ಚಿಸುತ್ತದೆ. ಆದ್ದರಿಂದ ಓಟದ ಉಡುಪಿನ ಬಟ್ಟೆಯ ಒಂದು ಚದರ ಮೀಟರ್ ಮೂಲಕ ಸೆಕೆಂಡಿಗೆ ಕನಿಷ್ಠ 30 ಲೀಟರ್ ಗಾಳಿ ಹಾದುಹೋಗಬೇಕು. ಪರೀಕ್ಷೆಯಾದ ಉಡುಪಿಗೆ ಮುದ್ರೆ ಬೀಳುತ್ತದೆ. ನಮ್ಮ ಊರಿನ ಅಂಗಡಿಯ ತೂಕದ ಬಟ್ಟುಗಳಿಗೆ ಸರ್ಕಾರದ ಮುದ್ರೆ ಇರುವ ಹಾಗೆಯೇ ಇದು.

ಇತ್ತೀಚಿನ ನಿಯಮ ಮೇಣದ್ದು. ಹಲಗೆ ಚೆನ್ನಾಗಿ ಜಾರಲೆಂದು ಫ್ಲೋರಿನ್ ಬೆರೆತ ಮೇಣ ಹಚ್ಚುತ್ತಿದ್ದರು. ಅದು ನೀರನ್ನು ಸ್ವಲ್ಪವೂ ಅಂಟಲು ಬಿಡುವುದಿಲ್ಲ. ಆದರೆ ಆ ರಾಸಾಯನಿಕ ಮಣ್ಣು, ನೀರಿನಲ್ಲಿ ಕರಗದೆ ಉಳಿಯುತ್ತದೆ. ಮೇಣ ಕಾಯಿಸಿ ಹಚ್ಚುವ ಕೆಲಸಗಾರರ ಆರೋಗ್ಯಕ್ಕೂ ಕೆಟ್ಟದ್ದು. ಹಾಗಾಗಿ 2023-24ರ ಋತುವಿನಿಂದ ಅದು ಪೂರ್ಣ ನಿಷೇಧ. 2023ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ನಡೆದ ವಿಶ್ವಕಪ್ ಓಟದ ನಂತರ ನಾರ್ವೆಯ ರಾಂಗ್‌ಹಿಲ್ಡ್ ಮೋವಿಂಕೆಲ್ ಅವರ ಹಲಗೆಯಲ್ಲಿ ಫ್ಲೋರಿನ್ ಪತ್ತೆಯಾಯಿತು. ಒಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದವರಾದರೂ ಅವರು ಅನರ್ಹರಾದರು. ಬೇಕೆಂದೇ ಹಚ್ಚಿದ್ದೋ, ಎಲ್ಲಿಂದಲೋ ಅಂಟಿಕೊಂಡದ್ದೋ ಎಂದು ಪರೀಕ್ಷೆಯ ಯಂತ್ರ ಕೇಳುವುದಿಲ್ಲ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಪರ್ಧಿಸುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೂ ಇದೇ ನಿಯಮ ಅನ್ವಯಿಸುತ್ತದೆ.

ಇಲ್ಲಿಯೇ ಕಠಿಣವಾದ ಪ್ರಶ್ನೆ ಏಳುತ್ತದೆ. ಉದ್ದೇಶವನ್ನು ಕೇಳದೆ ಶಿಕ್ಷೆ ಕೊಡುವುದು ನ್ಯಾಯವೇ? ಓಟದ ಸೋದರ ಕ್ರೀಡೆಯಾದ ಸ್ಕೀ ಜಿಗಿತದ ಎರಡು ಘಟನೆಗಳನ್ನು ನೋಡೋಣ. ಅಲ್ಲಿ ಉಡುಪು ಸಡಿಲವಾಗಿದ್ದರೆ ಗಾಳಿ ತುಂಬಿ ಹಾಯಿಯಂತೆ ಎತ್ತಿಹಿಡಿಯುತ್ತದೆ, ಜಿಗಿತ ಉದ್ದವಾಗುತ್ತದೆ. 2022ರ ಫೆಬ್ರವರಿ 7ರಂದು ಬೀಜಿಂಗ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಜಪಾನ್, ಆಸ್ಟ್ರಿಯಾ, ಜರ್ಮನಿ ಮತ್ತು ನಾರ್ವೆಯ ಒಟ್ಟು ಐವರು ಮಹಿಳೆಯರು ಉಡುಪಿನ ಕಾರಣಕ್ಕೆ ಅನರ್ಹರಾದರು. ಅವರಲ್ಲಿ ಜರ್ಮನಿಯ ಕಥರೀನಾ ಆಲ್ಟ್‌ಹೌಸ್ ಎರಡು ದಿನ ಮೊದಲಷ್ಟೇ ವೈಯಕ್ತಿಕ ಬೆಳ್ಳಿ ಗೆದ್ದಿದ್ದರು. ಅಂದು ಅಳೆದ ರೀತಿಯೇ ಬೇರೆಯಾಗಿತ್ತು ಎಂಬುದು ಕ್ರೀಡಾಪಟುಗಳ ದೂರು. ಜಪಾನಿನ ಸಾರಾ ತಕನಾಶಿ ಕಣ್ಣೀರು ಹಾಕಿ, ದೇಶದ ಕ್ಷಮೆ ಕೇಳಿದರು. ಆದರೂ ತೀರ್ಪು ಬದಲಾಗಲಿಲ್ಲ.

ಮೂರು ವರ್ಷದ ನಂತರ, 2025ರ ಮಾರ್ಚ್‌ನಲ್ಲಿ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನದು ಬೇರೆಯೇ ಕಥೆ. ಅಧಿಕಾರಿಗಳು ಪರೀಕ್ಷಿಸಿ ಚಿಪ್ ಹಾಕಿದ್ದ ಉಡುಪುಗಳನ್ನು ಆತಿಥೇಯ ತಂಡದವರೇ ಗುಟ್ಟಾಗಿ ಬಿಚ್ಚಿ, ಗಟ್ಟಿ ದಾರದ ಹೊಲಿಗೆ ಹಾಕಿದ್ದು ವಿಡಿಯೊದಿಂದ ಬಯಲಾಯಿತು. ಬೆಳ್ಳಿ ಗೆದ್ದಿದ್ದ ಮಾರಿಯಸ್ ಲಿಂಡ್‌ವಿಕ್ ಪದಕ ಕಳೆದುಕೊಂಡರು. ತಂಡದ ತರಬೇತುದಾರರು ತಪ್ಪು ಒಪ್ಪಿಕೊಂಡರು. ತಮಗೆ ವಿಷಯ ಗೊತ್ತಿರಲಿಲ್ಲ ಎಂದ ಕ್ರೀಡಾಪಟುಗಳಿಗೂ ಮೂರು ತಿಂಗಳ ನಿಷೇಧ ತಪ್ಪಲಿಲ್ಲ. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಬೇಕಿತ್ತು ಎಂಬುದು ಅದರ ಹಿಂದಿನ ವಾದ.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟರೆ ಉತ್ತರ ಸಿಗುತ್ತದೆ ಎಂದು ನನಗೆ ಅನಿಸುತ್ತದೆ. ಪ್ರತಿಯೊಬ್ಬರ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಲು ಹೋದರೆ ಟ್ರೋಂಡ್‌ಹೈಮ್‌ನಂಥ ಮೋಸಗಾರರು ಸುಲಭವಾಗಿ ಪಾರಾಗುತ್ತಾರೆ. ಆದ್ದರಿಂದ ವಸ್ತುವನ್ನೇ ಅಳೆಯಬೇಕು. ಆದರೆ ಅಳೆಯುವವರ ಮೇಲೂ ಅಷ್ಟೇ ಹೊಣೆ ಇದೆ. ಇಂದು ಒಂದು ರೀತಿ, ನಾಳೆ ಇನ್ನೊಂದು ರೀತಿ ಅಳೆದರೆ ಪ್ರಾಮಾಣಿಕರಿಗೂ ಪೆಟ್ಟು ಬೀಳುತ್ತದೆ, ಬೀಜಿಂಗ್‌ನ ದೂರು ಅದೇ. ನಾವು ಅಕೌಂಟೆನ್ಸಿ ತರಗತಿಯಲ್ಲಿ ಓದುವುದೂ ಇದನ್ನೇ ಅಲ್ಲವೇ? ಲೆಕ್ಕದ ಪದ್ಧತಿಯನ್ನು ವರ್ಷವರ್ಷಕ್ಕೂ ಮನಬಂದಂತೆ ಬದಲಿಸಬಾರದು. ತೂಗಿಸಿಕೊಳ್ಳುವವರು ಮೋಸ ಮಾಡಬಾರದು, ತೂಗುವವರ ತಕ್ಕಡಿಯೂ ಎಲ್ಲರಿಗೂ ಒಂದೇ ಆಗಿರಬೇಕು. ಆಗ ಸೋತವರೂ ಫಲಿತಾಂಶವನ್ನು ಒಪ್ಪಿಕೊಳ್ಳುತ್ತಾರೆ.